ಅಪ್ಪನ ಹೊಟ್ಟೆಗೆ ಪೈಪ್ ಹಾಕಿದ್ದಾರೆ, ಇದು ಸರಿಯಾ?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಎರಡು ವಾರದ ಹಿಂದೆ ರಾತ್ರಿ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿಕೊಂಡಿತು. ಹತ್ತಿರದ ಆಸ್ಪತ್ರೆಯಲ್ಲಿ ಎರಡು ಮೂರು ಸಲ ಮೂತ್ರದ್ವಾರದಿಂದ ಕ್ಯಾತಿಟರ್ (ಮೂತ್ರ ತೆಗೆಯುವ ಪೈಪ್) ಹಾಕಲು ನೋಡಿದರು. ರಕ್ತ ಬಂತೇ ಹೊರತು ಪೈಪ್ ಒಳಗೆ ಹೋಗಲಿಲ್ಲ. ದೊಡ್ಡಾಸ್ಪತ್ರೆಗೆ ಕರೆತಂದರೆ ಅಲ್ಲಿ ಕಿಬ್ಬೊಟ್ಟೆಗೇ ತೂತು ಮಾಡಿ ಪೈಪ್ ಇಟ್ಟರು. ಇನ್ನೊಂದು ಸಲ ಕೆಳಗಿನಿಂದಲೇ ಪ್ರಯತ್ನಿಸಬಹುದಿತ್ತು ಅಲ್ವಾ? ಇದು ಜೀವನಪೂರ್ತಿ ಇರುತ್ತದಾ? ಮುಂದಿನ ತಿಂಗಳು ಮನೆಯಲ್ಲಿ ಮದುವೆ ಬೇರೆ ಇದೆ.
— ಹೆಸರು ಬೇಡ, ತಿಪಟೂರು

ಉತ್ತರ: ಆ ‘ಇನ್ನೊಂದು ಸಲ’ ಮಾಡದೇ ಇದ್ದದ್ದೇ ಒಳ್ಳೆಯದಾಯಿತು.

ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದ. ನಡುವೆ ಒಂದು ತಿರುವು ಇದೆ. ಅದರಾಚೆ ಅದು ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯೊಳಗಿಂದ ಹಾದು ಹೋಗುತ್ತದೆ. ಪ್ರಾಸ್ಟೇಟ್ ದಪ್ಪಗಾಗಿದ್ದರೆ, ಇಲ್ಲವೇ ಹಳೆಯ ಗಾಯದಿಂದ ನಾಳವೇ ಸಣ್ಣದಾಗಿದ್ದರೆ, ಪೈಪಿನ ತುದಿ ಅಲ್ಲಿ ತಡೆಯುತ್ತದೆ. ಬಲ ಹಾಕಿದರೆ ನಾಳದ ಗೋಡೆ ಸೀಳಿಕೊಂಡು ಪಕ್ಕಕ್ಕೆ ನುಗ್ಗುತ್ತದೆ. ಇದಕ್ಕೆ ‘ಸುಳ್ಳು ದಾರಿ’ ಅನ್ನಬಹುದು. ಒಮ್ಮೆ ಸುಳ್ಳು ದಾರಿ ಬಿತ್ತೆಂದರೆ ಮುಂದಿನ ಪೈಪೂ ಅದರಲ್ಲೇ ಹೋಗಿ ಸಿಕ್ಕಿಕೊಳ್ಳುತ್ತದೆ. ಆ ಗಾಯ ಮಾಯುವಾಗ ನಾಳ ಇನ್ನಷ್ಟು ಬಿಗಿಯಾಗಲೂಬಹುದು. ರಾತ್ರಿ ಹೊತ್ತು, ನೋವಿಗೆ ಒದ್ದಾಡುವ ರೋಗಿ, ಸುತ್ತ ನಿಂತು ‘ಏನಾದ್ರೂ ಮಾಡಿ ಡಾಕ್ಟ್ರೇ’ ಅನ್ನುವ ಮನೆಯವರು. ಆ ಹೊತ್ತಿನಲ್ಲಿ ಕೈ ತಡೆಯುವುದು ಕಷ್ಟ. ಅಲ್ಲಿನವರು ತಡೆದರು.

ಅಪಘಾತದಲ್ಲಿ ಸೊಂಟದ ಮೂಳೆ ಮುರಿದು, ಮೂತ್ರದ್ವಾರದಲ್ಲಿ ರಕ್ತ ಕಂಡರೆ ನಾವು ಇನ್ನೂ ಹುಷಾರು. ನಾಳ ಹರಿದಿರಬಹುದು. ಸುಮ್ನೆ ಪೈಪ್ ತುರುಕಿದರೆ ಅರ್ಧ ಹರಿದದ್ದು ಪೂರ್ತಿ ಹರಿಯುವ ಭಯ.

ಇನ್ನು ಹೊಟ್ಟೆಯ ದಾರಿ. ಖಾಲಿ ಮೂತ್ರಕೋಶ ಕಿಬ್ಬೊಟ್ಟೆಯ ಬುಡದ ಮೂಳೆಯ ಹಿಂದೆ ಅವಿತು ಕೂತಿರುತ್ತದೆ. ಅದು ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುವ ಚೀಲ. ಕಟ್ಟಿಕೊಂಡಾಗ ಒಂದು ಲೀಟರ್ ದಾಟುವುದೂ ಉಂಟು. ತುಂಬುತ್ತಾ ಅದು ಹೊಕ್ಕುಳಿನ ಕಡೆ ಏಳುತ್ತದೆ, ಏಳುವಾಗ ಕರುಳನ್ನು ಮೇಲಕ್ಕೆ ಸರಿಸುತ್ತದೆ. ಆಗ ಹೊಟ್ಟೆಯ ಗೋಡೆಗೂ ಮೂತ್ರಕೋಶಕ್ಕೂ ನಡುವೆ ಕರುಳು ಇರುವುದಿಲ್ಲ. ನಿಮ್ಮ ತಂದೆಗೆ ಅಷ್ಟು ಹಿಂಸೆ ಕೊಟ್ಟ ಆ ತುಂಬಿದ ಚೀಲವೇ ದಾರಿ ಮಾಡಿಕೊಟ್ಟಿತು.

ಮೂಳೆಯಿಂದ ಸುಮಾರು ಎರಡು ಬೆರಳು ಮೇಲೆ, ಸರಿಯಾಗಿ ನಡುಮಧ್ಯದಲ್ಲಿ, ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಅದೇ ಜಾಗದಲ್ಲಿ ಸೂಜಿ ಚುಚ್ಚಿ ಎಳೆದು ನೋಡುತ್ತಾರೆ. ಮೂತ್ರ ಬಂದರೆ ಮಾತ್ರ ಮುಂದಿನ ಕೆಲಸ. ಆಮೇಲೆ ಸೆಂಟಿಮೀಟರಿನಷ್ಟು ಚರ್ಮ ಕೊಯ್ದು, ಟ್ರೋಕಾರ್ ಎಂಬ ಚೂಪಾದ ಸಲಕರಣೆ ಇಳಿಸಿ ಅದರ ಮೂಲಕ ಪೈಪ್ ಬಿಡುತ್ತಾರೆ. ಒಳಗಿನ ಪುಟ್ಟ ಬಲೂನಿಗೆ ನೀರು ತುಂಬಿದರೆ ಪೈಪ್ ಜಾರುವುದಿಲ್ಲ. ಪೈಪಿನ ಮೇಲೆ 16 ಅಂತ ಬರೆದಿದ್ದರೆ ಅದರ ದಪ್ಪ 5 ಮಿ.ಮೀ.ಗಿಂತ ತುಸು ಜಾಸ್ತಿ, ಅಷ್ಟೇ.

ಅಪಾಯ ಇಲ್ಲವೇ ಇಲ್ಲ ಅನ್ನಲಾರೆ. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು ಮಂದಿಗೆ ಕರುಳಿಗೆ ಪೆಟ್ಟಾಗಿತ್ತು. ಅದಕ್ಕೇ ಅಲ್ಲಿನ ಮೂತ್ರರೋಗ ಶಸ್ತ್ರಚಿಕಿತ್ಸಕರ ಸಂಘ 2010ರಲ್ಲಿ, ಆದಷ್ಟೂ ಸ್ಕ್ಯಾನಿಂಗ್ ನೋಡಿಕೊಂಡೇ ಹಾಕಿ ಎಂದಿತು. ಮೊದಲೇ ಕೆಳಹೊಟ್ಟೆಯ ಆಪರೇಷನ್ ಆಗಿದ್ದರೆ ಕರುಳು ಅಲ್ಲಿಗೆ ಅಂಟಿಕೊಂಡಿರಬಹುದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಮೂತ್ರಕೋಶದ ಕ್ಯಾನ್ಸರ್ ಇರುವವರು ಅದನ್ನು ಮೊದಲೇ ಹೇಳಬೇಕು. ಕ್ಯಾನ್ಸರ್ ಇದ್ದರೆ ಈ ದಾರಿಯನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ತೂತಿನ ಜಾಡಿನಲ್ಲೇ ಅದು ಹರಡಬಹುದು.

ಜೀವನಪೂರ್ತಿ ಇರುತ್ತದಾ? ಕಾರಣ ಏನು ಎಂಬುದರ ಮೇಲಿದೆ. ಈ ವಯಸ್ಸಿನಲ್ಲಿ ಬಹುಮಟ್ಟಿಗೆ ಪ್ರಾಸ್ಟೇಟ್. ಅಲ್ಲಿನ ಬಿಗಿತ ಸಡಿಲಿಸುವ ಟ್ಯಾಮ್ಸುಲೋಸಿನ್ ಥರದ ಮಾತ್ರೆ ಕೊಟ್ಟು, ಪೈಪಿಗೆ ಕ್ಲಿಪ್ ಹಾಕಿ, ‘ಮಾಮೂಲಿಯಾಗಿ ಹೋಗಿ ನೋಡಿ’ ಎನ್ನುತ್ತಾರೆ. ಹೊಟ್ಟೆಯ ಪೈಪಿನ ದೊಡ್ಡ ಲಾಭವೇ ಇದು. ಪೈಪ್ ತೆಗೆಯದೆಯೇ ಪರೀಕ್ಷೆ ಮಾಡಬಹುದು, ಆಗದಿದ್ದರೆ ಕ್ಲಿಪ್ ಬಿಚ್ಚಿದರಾಯಿತು. ಸರಾಗವಾಗಿ ಹೋಗತೊಡಗಿದರೆ ಪೈಪ್ ತೆಗೆಯುತ್ತಾರೆ, ತೂತು ತಾನಾಗೇ ಮುಚ್ಚಿಕೊಳ್ಳುತ್ತದೆ. ಇಲ್ಲವಾದರೆ ಪ್ರಾಸ್ಟೇಟ್ ಆಪರೇಷನ್ ಮಾತು ಬರುತ್ತದೆ. ಈ ನಡುವೆ ನೆಗಡಿ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಮೂತ್ರ ಕಟ್ಟುವುದಕ್ಕೆ ಕೆಲವು ನೆಗಡಿ ಮಾತ್ರೆಗಳೂ ಕಾರಣವಾಗುತ್ತವೆ. ಮಲಬದ್ಧತೆಯೂ ಅಷ್ಟೇ.

ನನಗೆ ಜಾಸ್ತಿ ಚಿಂತೆ ಇರುವುದು ಮೊದಲ ನಾಲ್ಕರಿಂದ ಆರು ವಾರದ ಬಗ್ಗೆ. ಒಳಗಿನ ದಾರಿ ಇನ್ನೂ ಹಸಿ. ಪೈಪ್ ಕಳಚಿ ಬಂದರೆ ಕೆಲವೇ ಗಂಟೆಯಲ್ಲಿ ಅದು ಮುಚ್ಚಿಹೋಗಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಮನೆಯಲ್ಲೇ ಮತ್ತೆ ತೂರಿಸಲೂ ಹೋಗಬೇಡಿ. ಪ್ಲಾಸ್ಟರ್ ಹಾಕಿ ಪೈಪನ್ನು ಹೊಟ್ಟೆಗೆ ಅಂಟಿಸಿಡಿ. ಕಳಚುವುದು ಹೆಚ್ಚಾಗಿ ಮಂಚದಿಂದ ಏಳುವಾಗ, ಮೂತ್ರ ತುಂಬುವ ಬ್ಯಾಗ್ ಅಲ್ಲೇ ನೇತಾಡುವುದನ್ನು ಮರೆತು! ಮೊದಲ ಸಲ ಪೈಪ್ ಬದಲಿಸುವುದನ್ನು ಆಸ್ಪತ್ರೆಯಲ್ಲೇ ಮಾಡಿಸಿ.

ಉಳಿದದ್ದು ಸುಲಭ. ತೂತಿನ ಸುತ್ತ ಸೋಪು, ನೀರು ಸಾಕು. ಬ್ಯಾಗ್ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಜ್ವರ, ಚಳಿ, ಬ್ಯಾಗಿಗೆ ಏನೂ ಬಾರದೆ ಹೊಟ್ಟೆ ಉಬ್ಬುವುದು, ಗಡ್ಡೆಗಟ್ಟಿದ ರಕ್ತ, ಇಂಥದ್ದು ಕಂಡರೆ ಕೂಡಲೇ ಹೊರಡಿ. ಬರೀ ವಾಸನೆಗೆ, ಮಬ್ಬು ಬಣ್ಣಕ್ಕೆ ಆಂಟಿಬಯಾಟಿಕ್ ಬೇಡ. ಪೈಪ್ ಇದ್ದಲ್ಲಿ ಕ್ರಿಮಿ ಇದ್ದೇ ಇರುತ್ತವೆ.

ಮದುವೆಗೆ ಧಾರಾಳವಾಗಿ ಕರೆದುಕೊಂಡು ಹೋಗಿ. ತೊಡೆಗೆ ಕಟ್ಟುವ ಚಿಕ್ಕ ಬ್ಯಾಗ್ ಸಿಗುತ್ತದೆ, ಪಂಚೆಯೊಳಗೆ ಯಾರಿಗೂ ಕಾಣುವುದಿಲ್ಲ. ಬೇಗ ತುಂಬುತ್ತದೆ, ಊಟಕ್ಕೆ ಕೂರುವ ಮುಂಚೆ ಒಮ್ಮೆ ಖಾಲಿ ಮಾಡಿಸಿ. ಬ್ಯಾಗ್ ತುಂಬೀತು ಅಂತ ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಿಸಬೇಡಿ.