‘ಲೆಗೆರೆ’ ಎಂದರೆ ಮೊದಲು ಆರಿಸುವುದು

ಸಾಗರದ ಓದುಗರೊಬ್ಬರು ಬರೆಯುತ್ತಾರೆ: “ಲೆಕ್ಚರ್, ಎಲೆಕ್ಷನ್, ಕಾಲೇಜ್ ಮೂರೂ ‘ಲೆಗೆರೆ’ ಎಂಬ ಒಂದೇ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದವು ಎಂದು ಮಗಳು ಹೇಳುತ್ತಾಳೆ. ಓದುವುದಕ್ಕೂ ಮತ ಹಾಕುವುದಕ್ಕೂ ಎಲ್ಲಿಯ ನಂಟು? ಈ ‘ಲೆಗೆರೆ’ ನಮ್ಮ ‘ಲಿಖ್’ ಧಾತುವೇ ಇರಬಹುದೆ?”

ಮಾನ್ಯರೆ, ಲೆಗೆರೆ ಎಂದರೆ ಓದುವುದು ಎಂದು ನಿಘಂಟು ಹೇಳುತ್ತದೆ, ಸರಿಯೇ. ಆದರೆ ಅದು ಆಮೇಲೆ ಬಂದ ಅರ್ಥ. ಮೊದಲಿನದು ಕೈಕೆಲಸ: ಹೂವು ಬಿಡಿಸುವುದು, ಹಣ್ಣು ಕೀಳುವುದು, ಬಿದ್ದದ್ದನ್ನು ಒಂದೊಂದಾಗಿ ಆಯುವುದು. ಸೌದೆಗೆ ಲ್ಯಾಟಿನ್‌ನಲ್ಲಿ ‘ಲಿಗ್ನುಮ್’ ಎನ್ನುತ್ತಾರೆ. ‘ಆಯ್ದು ತಂದದ್ದು’ ಎಂದು ಅದನ್ನು ಬಿಡಿಸುವುದುಂಟು. ಆರಿಸಿದ ಸೈನಿಕರ ಪಡೆಯೇ ‘ಲೆಗಿಯೋ’. ನನ್ನನ್ನು ತುಂಬ ತಟ್ಟಿದ್ದು ಇನ್ನೊಂದು ಬಳಕೆ. ಚಿತೆ ಆರಿದ ಮೇಲೆ ರೋಮನ್ನರು ಎಲುಬುಗಳನ್ನು ಆಯ್ದು ಪಾತ್ರೆಯಲ್ಲಿಡುತ್ತಿದ್ದರು. ಅದಕ್ಕೂ ಇದೇ ಕ್ರಿಯಾಪದ, ‘ಒಸ್ಸಾ ಲೆಗೆರೆ’. ನಮ್ಮ ಅಸ್ಥಿಸಂಚಯನದ ‘ಸಂಚಯನ’ವೂ ಆಯ್ದು ಕೂಡಿಸುವುದೇ ಅಲ್ಲವೆ?

ಹೀಗೆ ಕೈ ಮಾಡುತ್ತಿದ್ದ ಕೆಲಸ ಕಣ್ಣಿಗೆ ಬಂತು. ಸಾಲಿನಲ್ಲಿರುವ ಅಕ್ಷರಗಳನ್ನು ಕಣ್ಣಿನಿಂದ ಒಂದೊಂದಾಗಿ ಆಯ್ದುಕೊಂಡರೆ ಅದು ಓದು. ಲೆಕ್ಚರ್ ಎಂದರೆ ಮೂಲದಲ್ಲಿ ಓದುವಿಕೆಯೇ. ಜರ್ಮನ್ನರ ‘ಲೇಸನ್’ ಬೇರೆ ಬೇರಿನದಾದರೂ ಅದಕ್ಕೂ ಓದು, ಆಯು ಎಂಬ ಎರಡೂ ಅರ್ಥಗಳಿವೆ; ದ್ರಾಕ್ಷಿ ಕೊಯ್ಲಿಗೆ ಅವರು ‘ವೈನ್‌ಲೇಸೆ’ ಎನ್ನುತ್ತಾರೆ.

ಇನ್ನು ಮತದ ಮಾತು. ‘ಎ’ ಎಂದರೆ ಹೊರಗೆ. ಗುಂಪಿನಿಂದ ಹೊರಗೆ ಆಯ್ದು ತೆಗೆಯುವುದು ‘ಎಲಿಗೆರೆ’, ಅದರಿಂದ ಎಲೆಕ್ಷನ್. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತೇವೆ, ಶಾಸಕರನ್ನೂ ಆರಿಸುತ್ತೇವೆ. ಸೆಲೆಕ್ಷನ್, ಕಲೆಕ್ಷನ್ ಕೂಡ ಇದೇ ಮನೆಯವು. ಆಯದೆ ಬಿಟ್ಟದ್ದು ನೆಗ್ಲೆಕ್ಟ್. ಹಲವುಗಳ ನಡುವಿನಿಂದ ಆಯಬಲ್ಲವನು ಇಂಟೆಲಿಜೆಂಟ್. ಗ್ರೀಕರ ‘ಲೆಗೋ’ ಇದರ ಒಡಹುಟ್ಟು. ಅಲ್ಲಿ ಅದು ಕೂಡಿಸು, ಎಣಿಸು ಎಂಬಲ್ಲಿಂದ ‘ಹೇಳು’ ಎಂಬಲ್ಲಿಗೆ ಸಾಗಿತು, ಅದರಿಂದ ‘ಲೋಗೋಸ್’, ಅಂದರೆ ಮಾತು, ಬಂತು.

‘ಲಿಖ್’ ಮಾತ್ರ ಇದಲ್ಲ. ಅದರ ಮೊದಲ ಅರ್ಥ ಗೀರುವುದು, ಕೆರೆಯುವುದು. ತಾಳೆಗರಿಯ ಮೇಲೆ ಕಂಠ, ಅಂದರೆ ಬರೆಯುವ ಕಬ್ಬಿಣದ ಕಡ್ಡಿ, ಆಡಿದ್ದನ್ನು ನೆನೆದರೆ ತಿಳಿಯುತ್ತದೆ. ‘ಲ’ಕಾರವೊಂದು ಹೊಂದಿತೆಂದು ನೆಂಟಸ್ತನ ಕಟ್ಟಲಾಗದು.

ಮಗಳಿಗೆ ಹೇಳಿ, ಲೆಕ್ಚರ್ ಮತ್ತು ಎಲೆಕ್ಷನ್ ಬಗ್ಗೆ ಅವಳ ಮಾತು ಸರಿ. ಕಾಲೇಜನ್ನು ಮಾತ್ರ ಆ ಸಾಲಿನಿಂದ ತುಸು ಆಚೆ ಇಡಲಿ. ಅದು ‘ಕೊಲ್ಲೇಗಾ’, ಅಂದರೆ ಜೊತೆಯ ಅಧಿಕಾರಿ, ಎಂಬ ಪದದ ಮೂಲಕ ಬಂದದ್ದು. ಅದರ ಹಿಂದಿರುವುದು ‘ಲೇಗಾರೆ’, ನಿಯೋಗಿಸು ಎಂಬ ಬೇರೊಂದು ಕ್ರಿಯಾಪದ.

— ಸಂಪಾದಕ