ಶನಿ ಮನೆ ಬದಲಿಸಿದ, ಬಡ್ಡಿ ಬದಲಾಗಲಿಲ್ಲ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಊರು, ಸಾಲದ ಮೊತ್ತ, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಗ್ರಹಗಳ ತಾರೀಕುಗಳನ್ನು ಮಾತ್ರ ಮುಟ್ಟಿಲ್ಲ.)

ಬಾಗಲಕೋಟೆ ನವನಗರದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಅವರು ಮೊದಲ ಸಲ ಬಂದದ್ದು 2025ರ ಜೂನ್‌ನಲ್ಲಿ. ನಾನು ಕೊಟ್ಟಿದ್ದು ಶನಿವಾರದ ಸಮಯ. ಅವರು ಸೋಮವಾರ ಬಂದರು. ಶನಿವಾರ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲವಂತೆ. ವಯಸ್ಸು ನಲವತ್ತೇಳು. ಘಟಪ್ರಭಾ ದಂಡೆಯ ಊರೊಂದರಲ್ಲಿ ಮೂರು ವಿದ್ಯುತ್ ಮಗ್ಗಗಳ ಮಾಲೀಕರು, ನೇಯುವವರೂ ಅವರೇ. ಎರಡು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಗ್ಗದ ಸದ್ದು ಕೇಳಿದರೆ ತಲೆ ಸಿಡಿಯುತ್ತದೆ ಎಂದರು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದವರಿಗೆ ಸದ್ದೇ ವೈರಿಯಾಗಿದೆ ಎಂದರೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಪ್ಲಾಸ್ಟಿಕ್ ಹೊದಿಕೆಯಲ್ಲಿ ಜಾತಕ ತಂದಿದ್ದರು. ಕುಂಭ ರಾಶಿ. "ಸಾಡೇಸಾತಿಯ ಕೊನೆಯ ಘಟ್ಟ, ಅಕ್ಕಾವರೇ. 2027ಕ್ಕೆ ಬಿಡುತ್ತದೆ. ಹೋಗುವಾಗ ಶನಿ ಕೊಟ್ಟು ಹೋಗುತ್ತಾನೆ ಎಂದು ಶಾಸ್ತ್ರಿಗಳು ಹೇಳಿದ್ದಾರೆ. ಅಲ್ಲಿಯವರೆಗೆ ನನ್ನನ್ನು ಹೇಗಾದರೂ ದಾಟಿಸಿ."

ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ ವರ್ಷ. ಜನ್ಮರಾಶಿಯ ಹಿಂದಿನದು, ಜನ್ಮರಾಶಿ, ಮುಂದಿನದು, ಮೂರೂ ಸೇರಿ ಏಳೂವರೆ ವರ್ಷ. ಇದೇ ಸಾಡೇಸಾತಿ, ಶನಿ ಕಾಡುವ ಕಾಲ ಎಂಬುದು ನಂಬಿಕೆ. ಕುಂಭದವರಿಗೆ ಅದು ಶುರುವಾದದ್ದು 2020ರ ಜನವರಿಯಲ್ಲಿ, ಶನಿ ಮಕರಕ್ಕೆ ಬಂದಾಗ. ಎರಡು ತಿಂಗಳಿಗೆ ಲಾಕ್‌ಡೌನ್. ಮಗ್ಗ ನಿಂತವು, ನೂಲು ಬರಲಿಲ್ಲ, ನೇಯ್ದ ಸೀರೆ ಮಾರಾಟವಾಗಲಿಲ್ಲ. ಶಾಸ್ತ್ರಿಗಳ ಮಾತು ಇಷ್ಟು ಸರಿಯಾಗಿ ಕೂಡಿ ಬಂದಾಗ ನಂಬದವರು ಯಾರು? ಅವರ ಜಾಗದಲ್ಲಿ ಕುಳಿತು ನೋಡಿದರೆ ನನಗೂ ಅದು ಬಲವಾದ ಸಾಕ್ಷಿಯೇ.

ನನ್ನನ್ನು ಚಿಂತೆಗೆ ಹಚ್ಚಿದ್ದು ನಂಬಿಕೆಯಲ್ಲ, ಅದರ ಹೆಸರಿನಲ್ಲಿ ನಿಂತುಹೋದ ಕೆಲಸಗಳು. ಮಗಳು ಪಿಯುಸಿ ಮುಗಿಸಿದ್ದಾಳೆ, ನರ್ಸಿಂಗ್ ಓದುವ ಆಸೆ. "ಶನಿ ಬಿಡಲಿ" ಎಂದು ಮನೆಯಲ್ಲಿ ಕೂರಿಸಿದ್ದಾರೆ. ಕೈಗಡದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ ಓಡುತ್ತಿದೆ; "ಶನಿ ಬಿಡಲಿ, ಒಮ್ಮೆಗೇ ತೀರಿಸುತ್ತೇನೆ." ನೀಲದ ಉಂಗುರಕ್ಕೂ ಶಾಂತಿ ಹೋಮಕ್ಕೂ ಹೆಂಡತಿಯ ಬೋರಮಾಳ ಸರ ಅಡವು ಬಿದ್ದಿದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಒಮ್ಮೆ ಬಂದಿತ್ತು, ಮಾರ್ಚ್ ಕೊನೆಗೆ, ಎಂದರು. 2025ರ ಮಾರ್ಚ್ 29ರಂದು ಶನಿ ಮೀನಕ್ಕೆ ಹೋಗಿದ್ದ. ಅಂದಿನಿಂದ ಹಗುರವಾಗುತ್ತದೆ ಎಂದು ಕಾದಿದ್ದರು. ಮರುದಿನ ಯುಗಾದಿ. ಬೇವು ಬೆಲ್ಲ ತಿಂದು ಮಗ್ಗದ ಮುಂದೆ ಕುಳಿತರೆ ಎಲ್ಲವೂ ನಿನ್ನೆಯಂತೆಯೇ ಇತ್ತು. ಅಂದಿನಿಂದಲೇ ನಿದ್ದೆ ಹೋಗಿದ್ದು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಂದೇ ಅವರಿಗೆ ಜಯಂತ್ ನಾರ್ಳೀಕರ್ ಅವರ ಪರೀಕ್ಷೆಯ ಕಥೆ ಹೇಳಿದೆ. ಪಕ್ಕದ ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ. ಜಾಣ ಮಕ್ಕಳ ನೂರು ಮತ್ತು ಬುದ್ಧಿಮಾಂದ್ಯ ಮಕ್ಕಳ ನೂರು ಜಾತಕಗಳನ್ನು ಕಲೆಹಾಕಿ, ಇಪ್ಪತ್ತೇಳು ಜ್ಯೋತಿಷಿಗಳಿಗೆ ತಲಾ ನಲವತ್ತು ಕೊಟ್ಟು, ಯಾವುದು ಯಾರದೆಂದು ಗುರುತಿಸಲು ಹೇಳಿದ್ದರು. ಸರಿಯಾದದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ ಅರ್ಧ ಸರಿ ಬರುತ್ತಿತ್ತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಉತ್ಸಾಹದಿಂದ ವಿವರಿಸಿದೆ. ಅವರು ಕೈ ಮುಗಿದು, "ದೊಡ್ಡವರು ಬಿಡಿ" ಎಂದು ಎದ್ದುಹೋದರು. ಒಂದು ತಿಂಗಳು ಸುಳಿವಿಲ್ಲ. ಮುಳುಗುವವನ ಕೈಯಲ್ಲಿ ಹಗ್ಗವಿದ್ದರೆ, ಅದು ಹುಲ್ಲಿನದೆಂದು ದಡದಲ್ಲಿ ನಿಂತು ಹೇಳಿದ ಹಾಗಾಯಿತು.

ಪುಣ್ಯಕ್ಕೆ ಹೋಗುವ ಮೊದಲೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟಿದ್ದೆ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಜಾತಕದ ಹೊದಿಕೆಯ ಮೇಲೆಯೇ ಬರೆದಿದ್ದೆ. ಜುಲೈನಲ್ಲಿ ಹೆಂಡತಿ ಕೈ ಹಿಡಿದು ಕರೆತಂದರು. ಮಾತ್ರೆ ಶುರುವಾಗಿ ಮೂರು ವಾರವಾಗಿತ್ತು, ನಾಲ್ಕು ತಾಸು ನಿದ್ದೆ ಬರುತ್ತಿತ್ತು. "ಇವರು ನಿಮ್ಮ ಮಾತಿಗೆ ಸಿಟ್ಟಾಗಿಲ್ಲ ಅಕ್ಕಾವರೇ, ಹೆದರಿದ್ದಾರೆ" ಎಂದರು ಆಕೆ. "ಶನಿ ಕಾರಣವಲ್ಲ ಎಂದರೆ ತಪ್ಪು ತಮ್ಮದೇ ಎಂದಾಗುತ್ತದಲ್ಲ." ಮೂವತ್ತು ದಿನ ನನಗೆ ಹೊಳೆಯದಿದ್ದ ಮಾತು ಅದು. ಮನೆಗೆ ನುಗ್ಗಿದ್ದ ಪ್ರವಾಹವಾಗಲಿ ಲಾಕ್‌ಡೌನ್ ತಂದ ರೋಗವಾಗಲಿ ಇವರ ತಪ್ಪಲ್ಲ ಎಂಬುದನ್ನು ಮೊದಲು ಹೇಳಬೇಕಿತ್ತು. ಅಂದು ಹೇಳಿದೆ.

ಆಮೇಲೆ ವಾದ ಮಾಡಲಿಲ್ಲ. ಮಗ್ಗದ ಹಳೆಯ ವಹಿಗಳನ್ನು ತರಲು ಹೇಳಿದೆ. ನೇಕಾರರ ಮನೆಯಲ್ಲಿ ನೂಲು ಬಂದದ್ದು, ಸೀರೆ ಹೋದದ್ದು, ಮಜೂರಿ ಕೊಟ್ಟದ್ದು ಎಲ್ಲಕ್ಕೂ ತಾರೀಕು ಇರುತ್ತದೆ. ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದೆವು. ಮೇಲೆ ಶನಿಯ ಗೋಚಾರ (ಯಾವಾಗ ಯಾವ ರಾಶಿಯಲ್ಲಿದ್ದ ಎಂಬುದು), ಕೆಳಗೆ ಮನೆಯ ಸಂಗತಿಗಳು. ಮೇಲಿನದನ್ನು ಅವರ ಪಂಚಾಂಗದಿಂದಲೇ ತುಂಬಿದೆವು, ಕೆಳಗಿನದನ್ನು ವಹಿಯಿಂದ.

ಕೈಗಡ ಪಡೆದ ತಾರೀಕು 2019ರ ಸೆಪ್ಟೆಂಬರ್. ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದವು. ಮಗ್ಗದ ಮನೆಯೊಳಗೆ ನೀರು ನಿಂತು ಮೋಟಾರು, ಬೀಮು, ನೂಲಿನ ಚೀಲ ಎಲ್ಲ ಹಾಳಾಗಿದ್ದವು. ಅದಕ್ಕೆ ಪಡೆದ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿಯೇ ಇಂದಿನ ಹೊರೆಯ ಬೇರು. ಆಗ ಶನಿ ಎಲ್ಲಿದ್ದ? ಧನುವಿನಲ್ಲಿ. ಕುಂಭಕ್ಕೆ ಹನ್ನೊಂದನೆಯ ಮನೆ, ಲಾಭ ಸ್ಥಾನ. ಶಾಸ್ತ್ರದ ಪ್ರಕಾರ ಶನಿ ಒಳ್ಳೆಯದು ಮಾಡುವ ಜಾಗ. ಅವರು ಪಂಚಾಂಗವನ್ನು ಹಿಂದೆ ಮುಂದೆ ತಿರುವಿದರು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಗೆರೆಯನ್ನು ಹಿಂದಕ್ಕೆ ಎಳೆದಾಗ ಇನ್ನೊಂದು ಸಂಗತಿ ಸಿಕ್ಕಿತು. ಇಪ್ಪತ್ತೊಂಬತ್ತೂವರೆ ವರ್ಷದ ಸುತ್ತು ಎಂದ ಮೇಲೆ ಅವರಿಗೆ ಇದು ಮೊದಲ ಸಾಡೇಸಾತಿ ಅಲ್ಲ. 1990ರಿಂದ 1998ರವರೆಗೆ ಒಂದು ಆಗಿಹೋಗಿತ್ತು. ಆ ವರ್ಷಗಳಲ್ಲಿ ಏನಾಯಿತು ಎಂದೆ. ಅಪ್ಪ ಕೈಮಗ್ಗ ಬಿಟ್ಟು ಮೊದಲ ವಿದ್ಯುತ್ ಮಗ್ಗ ಹಾಕಿದ್ದು, ಅಕ್ಕನ ಮದುವೆ, ಮಣ್ಣಿನ ಮನೆಗೆ ಸ್ಲ್ಯಾಬ್ ಬಿದ್ದದ್ದು, ತಾವು ಲಾಳಿ ಹಿಡಿದದ್ದು. ಮನೆತನದ ಒಳ್ಳೆಯ ದಿನಗಳೇ ಅವು.

"ಆಗ ಸಾಡೇಸಾತಿ ಅನ್ನಿಸಲಿಲ್ಲವೇ?"

"ಆಗ ನಮಗೆ ಯಾರೂ ಹೇಳಿರಲಿಲ್ಲ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ಆರು ವಾರಗಳಲ್ಲಿ ಆ ಮನೆಯವರ ನಗು ನಾನು ಕೇಳಿದ್ದು ಅದೇ ಮೊದಲು.

ಗೋಚಾರ ಬದುಕನ್ನು ಶಾಶ್ವತವಾಗಿ ಬದಲಿಸುತ್ತದೆಯೇ ಎಂದು ನನ್ನ ಬಳಿ ಬರುವ ಅನೇಕರು ಕೇಳುತ್ತಾರೆ. ಹನ್ನೆರಡರಲ್ಲಿ ಮೂರು ರಾಶಿಗಳಿಗೆ ಯಾವಾಗಲೂ ಸಾಡೇಸಾತಿ ಇದ್ದೇ ಇರುತ್ತದೆ. ಅಂದರೆ ಬಸ್ಸಿನಲ್ಲಿ ಕುಳಿತ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ. ಜನ್ಮರಾಶಿಯಿಂದ ಐದನೆಯ, ಎಂಟನೆಯ ರಾಶಿಯಲ್ಲಿ ಕಾಡುತ್ತಾನೆನ್ನುವ ಪಂಚಮ ಶನಿ, ಅಷ್ಟಮ ಶನಿ ಸೇರಿಸಿದರೆ ಹನ್ನೆರಡರಲ್ಲಿ ಐದು. ಯಾರದೇ ಬದುಕಿನ ಯಾವುದೇ ಏಳೂವರೆ ವರ್ಷ ತೆಗೆದುಕೊಳ್ಳಿ, ಒಂದು ಸಾವು, ಒಂದು ಆಸ್ಪತ್ರೆ, ಒಂದು ಜಗಳ ಸಿಗದೆ ಇರುವುದಿಲ್ಲ. ಏಳೂವರೆ ವರ್ಷ ಕಳೆದರೆ ಎಂಥ ದುಃಖವೂ ಒಂದಿಷ್ಟು ಮಾಸುತ್ತದೆ. ಹಾಗೆ ಮಾಸಿದ್ದರ ಕೀರ್ತಿಯೂ ಶನಿಗೇ. ನನ್ನ ತವರು ಹಳೆಯ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಬಂದಾಗ ನಮ್ಮ ಓಣಿಯ ಹನ್ನೆರಡೂ ರಾಶಿಯವರು ಒಟ್ಟಿಗೇ ಗಂಟುಮೂಟೆ ಕಟ್ಟಿ ನವನಗರಕ್ಕೆ ಬಂದೆವು. ಬದುಕನ್ನು ನಿಜಕ್ಕೂ ಬದಲಿಸಿದ ಸಂಗತಿ ಅದು, ಮತ್ತು ಅದು ಯಾರ ಜಾತಕವನ್ನೂ ಕೇಳಲಿಲ್ಲ.

ಇನ್ನು ಕಾಯುತ್ತಿರುವ ತಾರೀಕಾದರೂ ಗಟ್ಟಿಯೇ? 2027ರ ಜೂನ್‌ನಲ್ಲಿ ಮೇಷಕ್ಕೆ ಹೋಗುವ ಶನಿ ವಕ್ರಗತಿಯಿಂದ (ಹಿಂದಕ್ಕೆ ಚಲಿಸಿದಂತೆ ಕಾಣುವುದರಿಂದ) ಅಕ್ಟೋಬರ್‌ನಲ್ಲಿ ಮೀನಕ್ಕೆ ಮರಳಿ, 2028ರ ಫೆಬ್ರುವರಿಯಲ್ಲಿ ಮತ್ತೆ ದಾಟುತ್ತಾನೆ. ಶನಿ ಕ್ಷೇತ್ರವಾದ ತಿರುನಳ್ಳಾರಿನಲ್ಲಿ ಪಾಲಿಸುವ, ಹಳೆಯ ಲೆಕ್ಕದ ವಾಕ್ಯ ಪಂಚಾಂಗವು ಮೀನ ಪ್ರವೇಶವನ್ನೇ 2026ರ ಮಾರ್ಚ್‌ಗೆ ಇಟ್ಟಿದೆ. ಇದನ್ನು ಅವರಿಗೆ ಹೇಳಬೇಕಾಗಲಿಲ್ಲ. ಹಾಳೆಯಲ್ಲಿ ಗೆರೆ ಮುಂದುವರಿಸುವಾಗ ವಕ್ರಗತಿಯನ್ನು ಅವರೇ ಕಂಡುಹಿಡಿದು, "ಇದಕ್ಕೆ ಕೊನೆಯೇ ಇಲ್ಲವಲ್ಲ" ಎಂದರು.

ಕೊಟ್ಟ ಸಲಹೆ ಹೀಗಿತ್ತು. ಮಾತ್ರೆಯನ್ನು ವೈದ್ಯರು ಹೇಳುವವರೆಗೆ ಬಿಡಬಾರದು. ಕೈಗಡದವರನ್ನು ಕೂರಿಸಿಕೊಂಡು ಬಡ್ಡಿ ಚೌಕಾಶಿ ಮಾಡಬೇಕು. ಮನೆಯ ಪತ್ರದ ಮೇಲೆ ಊರಿನ ಪತ್ತಿನ ಸಹಕಾರ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ಪಡೆದು ಅದನ್ನು ತೀರಿಸಿ, ಮುಂದೆ ಕಂತಿನಲ್ಲಿ ಕಟ್ಟಬೇಕು. ಮಗಳ ಪ್ರವೇಶ ಈ ವರ್ಷವೇ ಆಗಬೇಕು. ಅವಳ ವಯಸ್ಸು ಶನಿಗಾಗಿ ಕಾಯುವುದಿಲ್ಲ. ಶಾಂತಿ, ಹೋಮ, ಹರಳಿಗೆ ಹೊಸದಾಗಿ ಒಂದು ರೂಪಾಯಿ ಬೇಡ. ಶನಿವಾರದ ಎಳ್ಳೆಣ್ಣೆ ದೀಪ, ತುಳಸಿಗೇರಿ ಹನುಮಪ್ಪನ ದರ್ಶನ ಬಿಡಬೇಕಾಗಿಲ್ಲ. ಅದು ಮನೆಯಿಂದ ಹೊರಗೆ ಕರೆದೊಯ್ಯುತ್ತದೆ, ನಾಲ್ಕು ಜನರ ಜೊತೆ ಮಾತಾಡಿಸುತ್ತದೆ. ಖಿನ್ನತೆಯಲ್ಲಿರುವವರಿಗೆ ಅದಕ್ಕೂ ಬೆಲೆಯಿದೆ. ಯಾವ ನಿರ್ಧಾರ ಬಂದರೂ ತಮ್ಮನ್ನು ತಾವು ಕೇಳಿಕೊಳ್ಳಲು ಒಂದು ಪ್ರಶ್ನೆ ಕೊಟ್ಟೆ: ನನ್ನ ರಾಶಿ ಯಾವುದೆಂದು ಗೊತ್ತೇ ಇರದಿದ್ದರೆ ಈಗ ಏನು ಮಾಡುತ್ತಿದ್ದೆ?

ಎಲ್ಲವೂ ನಡೆಯಲಿಲ್ಲ. ಬೋರಮಾಳ ಇನ್ನೂ ಅಡವಿನಲ್ಲಿದೆ. ಉಂಗುರ ತೆಗೆದಿಲ್ಲ, ತೆಗೆಯಿರಿ ಎಂದು ನಾನೂ ಹೇಳಿಲ್ಲ. ಮಗಳು ಕಾಲೇಜಿಗೆ ಸೇರಿದ್ದಾಳೆ. ಸಹಕಾರ ಸಂಘದ ಸಾಲ ಸಿಕ್ಕಿ 2025ರ ಸೆಪ್ಟೆಂಬರ್‌ನಿಂದ ಕಂತು ಶುರುವಾಯಿತು. ಕೊನೆಯ ಭೇಟಿಯಲ್ಲಿ ಮತ್ತೆ ಅದೇ ಕೇಳಿದರು.

"ಹಾಗಾದರೆ 2027ರ ಜೂನ್‌ಗೆ ಏನೂ ಬದಲಾಗುವುದಿಲ್ಲವೇ, ಅಕ್ಕಾವರೇ?"

"ಅಷ್ಟೊತ್ತಿಗೆ ಇಪ್ಪತ್ತೆರಡು ಕಂತು ತೀರಿರುತ್ತವೆ."

ಬೆರಳ ಗೆಣ್ಣು ಎಣಿಸಿದರು. "ಇಪ್ಪತ್ತು. ನಡುವೆ ಎರಡು ದೀಪಾವಳಿ ಬರುತ್ತವೆ. ಆ ತಿಂಗಳು ಕಂತು ಬೇಡವೆಂದು ಸಂಘದವರು ಒಪ್ಪಿದ್ದಾರೆ."