ತಾಯಿ ಅಲ್ಲಿ ಇರಲೇ ಇಲ್ಲ

ಪತ್ರ: "ಹೋದ ಸಂಚಿಕೆಯಲ್ಲಿ ನೆಪೋಲಿಯನ್ ಪಟ್ಟಾಭಿಷೇಕದ ಚಿತ್ರ ಹಾಕಿ, ಕೆಳಗೆ ‘ಆ ದಿನ ಕಂಡದ್ದು ಹೀಗೆ’ ಎಂದು ಬರೆದಿದ್ದೀರಿ. ಚಿತ್ರದ ನಡುವೆ ಕೂತಿರುವ ಅವನ ತಾಯಿ ಆ ದಿನ ಪ್ಯಾರಿಸ್ಸಿನಲ್ಲೇ ಇರಲಿಲ್ಲ ಎಂದು ಓದಿದ ನೆನಪು. ಆಗ ಕ್ಯಾಮೆರಾ ಇದ್ದಿದ್ದರೆ ಇಂಥ ಸುಳ್ಳಿಗೆ ಜಾಗ ಇರುತ್ತಿರಲಿಲ್ಲ, ಅಲ್ವಾ?"
— ಶಿವಮೊಗ್ಗದ ಓದುಗರೊಬ್ಬರು

ಮಾನ್ಯರೆ,

ನಿಮ್ಮ ನೆನಪು ಸರಿ. ಆ ಅಡಿಬರಹ ಬರೆದವನು ನಾನೇ, ಅಚ್ಚಿಗೆ ಹೋಗುವ ರಾತ್ರಿ ಅವಸರದಲ್ಲಿ ಗೀಚಿದ್ದು. ನಯವಾಗಿಯೇ ಕಿವಿ ಹಿಂಡಿದ್ದೀರಿ.

1804ರ ಡಿಸೆಂಬರ್ 2ರಂದು ನೋತ್ರ್ ದಾಮ್ ಚರ್ಚಿನಲ್ಲಿ ಪಟ್ಟಾಭಿಷೇಕ ನಡೆದಾಗ ತಾಯಿ ಲೆತಿಜಿಯಾ ರೋಮ್‌ನಲ್ಲಿದ್ದಳು. ನೆಪೋಲಿಯನ್‌ಗೂ ಅವನ ತಮ್ಮ ಲೂಸಿಯೆನ್‌ಗೂ ಜಗಳವಾಗಿತ್ತು. ತಾಯಿ ಲೂಸಿಯೆನ್ ಕಡೆ ನಿಂತಳು. ಚಿತ್ರಕಾರ ದಾವೀದ್ ಮಾತ್ರ ಅವಳನ್ನು ತಂದು ನಟ್ಟನಡುವೆ, ಎಲ್ಲರ ಕಣ್ಣಿಗೂ ಬೀಳುವಂತೆ ಕೂರಿಸಿದ. ಸಣ್ಣ ಚಿತ್ರವೂ ಅಲ್ಲ ನೋಡಿ, ಹತ್ತಿರ ಹತ್ತಿರ 10 ಮೀಟರ್ ಅಗಲ.

ತಿದ್ದಿದ್ದು ಅಷ್ಟೇ ಅಲ್ಲ. ಮೊದಲು ಬರೆದಾಗ ನೆಪೋಲಿಯನ್ ತನ್ನ ತಲೆಗೆ ತಾನೇ ಕಿರೀಟ ಇಟ್ಟುಕೊಳ್ಳುತ್ತಿದ್ದ. ನಡೆದದ್ದೂ ಹಾಗೆಯೇ. ಜಂಬ ಜಾಸ್ತಿಯಾಯಿತು ಅನ್ನಿಸಿತೋ ಏನೋ, ಕೊನೆಗೆ ಹೆಂಡತಿ ಜೋಸೆಫೀನ್‌ಗೆ ಕಿರೀಟ ತೊಡಿಸಲು ಕೈ ಎತ್ತಿದಂತೆ ಆಯಿತು. ಪೋಪ್ ಏಳನೇ ಪಯಸ್ ಮೊದಲು ತೊಡೆಯ ಮೇಲೆ ಕೈ ಇಟ್ಟು ಕೂತಿದ್ದರು. ಅಷ್ಟು ದೂರದಿಂದ ಕರೆಸಿದ್ದು ಸುಮ್ನೆ ಕೂರಿಸಲಿಕ್ಕಲ್ಲ ಎಂದು ನೆಪೋಲಿಯನ್ ಗೊಣಗಿದನಂತೆ. ಈಗ ಆ ಕೈ ಹರಸುತ್ತಿದೆ.

ದಾವೀದನೂ ಸಾಮಾನ್ಯನಲ್ಲ. 1793ರಲ್ಲಿ ದೊರೆ 16ನೇ ಲೂಯಿಯ ತಲೆ ಹೋಗಲಿ ಎಂದು ಮತ ಹಾಕಿದವನು. ಆಮೇಲೆ ಚಕ್ರವರ್ತಿಯ ಚಿತ್ರಕಾರ! ಗುಂಪಿನಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಾನೆ. ತಾಯಿಯ ಮೇಲಿನ ಸಾಲಿನಲ್ಲಿ ಹುಡುಕಿ.

ಇನ್ನು ಕ್ಯಾಮೆರಾದ ಮಾತು. ಅದನ್ನು ಒಪ್ಪಲಾರೆ. 1838ರಲ್ಲಿ ದಾಗೇರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ರಸ್ತೆಯ ಫೋಟೋ ತೆಗೆದ. ಗಿಜಿಗುಡುವ ರಸ್ತೆ, ಫೋಟೋದಲ್ಲಿ ಬಿಕೋ ಎನ್ನುತ್ತದೆ. ಆಗ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಓಡಾಡುವ ಜನ, ಗಾಡಿಗಳು ಮೂಡಲೇ ಇಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ನಿಂತಿದ್ದವನೊಬ್ಬ ಉಳಿದುಕೊಂಡ.

ಅದು ಯಂತ್ರದ ತಪ್ಪು ಅನ್ನೋಣ. 1871ರಲ್ಲಿ ಪ್ಯಾರಿಸ್ ಕಮ್ಯೂನ್ ಎಂಬ ಜನರ ಬಂಡಾಯವನ್ನು ಸರ್ಕಾರ ಹೊಸಕಿ ಹಾಕಿದ ಮೇಲೆ ಅಪೇರ್ ಎಂಬ ಫೋಟೋಗ್ರಾಫರ್ ಬೇಕೆಂದೇ ಮಾಡಿದ. ನಟರನ್ನು ನಿಲ್ಲಿಸಿ ಫೋಟೋ ತೆಗೆದು, ಅವರ ಮೈಗೆ ಬಂಡಾಯಗಾರರ ತಲೆ ಅಂಟಿಸಿ, ಅದರದ್ದೇ ಮತ್ತೊಂದು ಫೋಟೋ ತೆಗೆದು ಮಾರಿದ. ‘ಕಮ್ಯೂನಿನ ಅಪರಾಧಗಳು’ ಎಂದು ಹೆಸರು ಬೇರೆ. ಕತ್ತರಿ, ಗೋಂದಿನ ಫೋಟೋಶಾಪ್.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಪಟ್ಟಾಭಿಷೇಕದ ಇನ್ನೊಂದು ಪ್ರತಿ ವೆರ್ಸೈ ಅರಮನೆಯಲ್ಲಿದೆ, ಅದನ್ನೂ ಹಾಕುತ್ತೇವೆ. ಗಡೀಪಾರಾಗಿ ಬ್ರಸೆಲ್ಸ್‌ನಲ್ಲಿದ್ದಾಗ ದಾವೀದ್ 1822ರಲ್ಲಿ ಅದನ್ನು ಮುಗಿಸಿದ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿರುವ ಮೊದಲ ಚಿತ್ರದಲ್ಲಿ ನೆಪೋಲಿಯನ್ ತಂಗಿಯರು ಬಿಳಿ ಉಡುಪಿನಲ್ಲಿದ್ದಾರೆ. ಇದರಲ್ಲಿ ಒಬ್ಬಳದ್ದು ಗುಲಾಬಿ. ಅಡಿಬರಹ ಮಾತ್ರ ಈ ಸಲ ನೀವೇ ಬರೆದು ಕಳಿಸಿ.

— ಸಂ.